ಎಂಜಿನ್ ಸದ್ದಿಗೂ ಮೊದಲು ಡಲ್ಸಿಯ ಸ್ಪ್ಯಾನರ್

ಟಾಸ್ಮೇನಿಯಾದ ಕರ್ಲೂ ಕಣಿವೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮರ ಕಡಿಯುವ ಯಂತ್ರಗಳ ಮೇಲೆ ಮಂಜು ಗಟ್ಟಿಯಾಗಿ ಕೂತಿದೆ. ಡಲ್ಸಿ ಹಾಡ್ಜೆಟ್ಸ್ ಒಂದೊಂದರ ಬಳಿಯೂ ಹೋಗಿ ಸ್ಪ್ಯಾನರಿನಿಂದ ಕಬ್ಬಿಣಕ್ಕೆ ಮೂರು ಸಲ ಬಡಿಯುತ್ತಾರೆ.

"ಕೆಳಗೆ ಯಾರಾದ್ರೂ ಇದ್ದೀರೇನ್ರಪ್ಪಾ? ಈಗ್ಲೇ ಹೇಳ್ಬಿಡಿ. ಆಮೇಲೆ ಅಪ್ಪಚ್ಚಿ ಆದ್ರೆ ನನ್ನ ಬಯ್ಬೇಡಿ!"

ಬಗ್ಗಿ ಟಾರ್ಚ್ ಬಿಡುತ್ತಾರೆ. ಫ್ಲಾಸ್ಕಿನ ಚಹಾ ಒಂದು ಲೋಟ ಕುಡಿಯುವಷ್ಟು ಹೊತ್ತು ಕಾಯುತ್ತಾರೆ. ದನಿ ಬರದಿದ್ದರೆ ಮಾತ್ರ ಡೀಸೆಲ್ ತುಂಬಿ, ಗ್ರೀಸ್ ಹೊಡೆದು, ಚಾಲಕರ ಕೈಗೆ ಕೀಲಿ ಕೊಡುತ್ತಾರೆ.

ವಯಸ್ಸು ಅರವತ್ತು ದಾಟಿದೆ. ಮರದ ಲಾರಿ ಓಡಿಸುತ್ತಿದ್ದ ಗಂಡ ಬೆನ್ನು ಹೋಗಿ ಮನೆಯಲ್ಲಿದ್ದಾರೆ. ಹೀಗೆ ಬಡಿಯಿರಿ ಎಂದು ಡಲ್ಸಿಗೆ ಯಾವ ಕಚೇರಿಯೂ ಹೇಳಿಲ್ಲ. ಹಿಂದೊಮ್ಮೆ ಕಾಡು ಉಳಿಸಿ ಎನ್ನುವ ಗುಂಪಿನ ಹುಡುಗನೊಬ್ಬ ಯಂತ್ರಕ್ಕೆ ಕೈ ಬಿಗಿದುಕೊಂಡು ಅಡಿಯಲ್ಲಿ ಮಲಗಿದ್ದ. ಚಾಲಕನಿಗೆ ಗೊತ್ತಿರಲಿಲ್ಲ. ಹುಡುಗನ ಕೈ ಹೋಯಿತು, ಚಾಲಕ ಮತ್ತೆಂದೂ ಯಂತ್ರ ಹತ್ತಲಿಲ್ಲ. ಅದೇ ವಾರ ಡಲ್ಸಿ ಪ್ರತಿಭಟನೆಯವರ ಡೇರೆಗೆ ನಡೆದರು. ನಾನು ಬಡಿದರೆ ಅಡಿಯಲ್ಲಿದ್ದವರು ದನಿ ಕೊಡಬೇಕು, ದನಿ ಬಂದರೆ ಯಂತ್ರ ಚಾಲೂ ಆಗದು ಎಂದರು. ಚಾಲಕರೂ ಸೇರಿ ಎರಡೂ ಕಡೆಯವರು ಒಪ್ಪಿದರು. ಇವತ್ತಿನವರೆಗೆ ಯಾರೂ ಮಾತು ಮುರಿದಿಲ್ಲ.

"ಮರ ಕಡಿದೇ ನಮ್ಮನೆ ಒಲೆ ಉರಿದಿದ್ದು. ಅವ್ರು ಬೇಡ ಅಂತಾರೆ. ಅನ್ಲಿ, ಬಾಯಿ ಇರೋದ್ಯಾಕೆ?" ಎನ್ನುತ್ತಾರೆ ಡಲ್ಸಿ.

ಹೋದ ತಿಂಗಳು ಬಡಿದಾಗ ಒಂದು ದನಿ ಬಂತು. ಫ್ರೇಯಾ ಎಂಬ ಹುಡುಗಿ. "ಇದ್ದೀನಿ ಡಲ್ಸಿ, ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನ್ ಬಂತು! ಈ ಚಳೀಲಿ ಒಂದು ಸ್ವೆಟರ್ ಹಾಕ್ಕೊಂಡ್ ಬರೋಕೇನಾಗಿತ್ತೇ ನಿಂಗೆ?"

ಡಲ್ಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಗುತ್ತಿಗೆದಾರ ವಾರ್ವಿಕ್ ಪಟ್ಟಣದಿಂದ ಫೋನಿನಲ್ಲೇ ಕಿರುಚಿದ: "ಅವಳಿರೋದು ಹಿಂದ್ಗಡೆ ತಾನೆ? ಮುಂದಿನ ತೋಳು ಆಡಿಸೋಕೇನು? ಕೀಲಿ ಕೊಡು!" ಡಲ್ಸಿ ಕೊಡಲಿಲ್ಲ. ಮಧ್ಯಾಹ್ನದವರೆಗೆ ಕೆಲಸ ನಿಂತಿತು. ಪೊಲೀಸರು ಬಂದು, ಅವಳು ಯಂತ್ರಕ್ಕೆ ಕೈ ಬಿಗಿದುಕೊಂಡಿದ್ದ ಕಬ್ಬಿಣದ ಪೈಪ್ ಕೊಯ್ದು ಹುಡುಗಿಯನ್ನು ಎಬ್ಬಿಸಿದರು. ಕಾನೂನುಬದ್ಧ ಕೆಲಸಕ್ಕೆ ಅಡ್ಡಿಪಡಿಸಿದ ಮೊಕದ್ದಮೆ ಫ್ರೇಯಾ ಮೇಲೂ ಬಿತ್ತು, ಕೀಲಿ ಕೊಡದ ಡಲ್ಸಿ ಮೇಲೂ ಬಿತ್ತು.

ಕೆಲಸಕ್ಕೆ ಅಡ್ಡಿಪಡಿಸಿದವರನ್ನು ಹಿಡಿಯುವ ಈ ಹೊಸ ಕಾನೂನು ಬಂದಾಗ ಊರೂರಿಗೆ ಹಚ್ಚಿದ ಪೋಸ್ಟರಿನಲ್ಲಿ ಹೆಲ್ಮೆಟ್ ಹಾಕಿದ ಕೂಲಿಯವನ ನಗುಮುಖವಿತ್ತು. ದುಡಿಯುವವರ ರಕ್ಷಣೆಗೆ ಎಂದರು. ನಮ್ಮ ಕಣಿವೆಯಲ್ಲಿ ಅದು ಮೊದಲು ಹಿಡಿದದ್ದು ದುಡಿಯುವವಳನ್ನೇ! ಕೆಲಸ ನಿಲ್ಲಬಾರದು ಎಂಬುದು ನ್ಯಾಯ. ಪರವಾನಗಿ ಇದೆ, ಸಂಬಳ ಕಾಯುವ ಮನೆಗಳಿವೆ. ಬೇಡ ಎಂದು ಕೂಗುವುದೂ ನ್ಯಾಯ. ಈ ಎರಡರ ನಡುವೆ ಒಂದು ಜೀವ ಮಲಗಿದೆಯೇ ಎಂದು ಬಗ್ಗಿ ನೋಡಿದವಳು ಅಪರಾಧಿಯಾದರೆ, ಈ ಕಾನೂನು ಬರೆದವರು ಒಂದು ದಿನವಾದರೂ ಬಗ್ಗಿದ್ದಾರೆಯೇ? ಬೆಚ್ಚಗಿನ ಕೋಣೆಯಲ್ಲಿ ಕೂತವರ ಬೆನ್ನು ಅಷ್ಟು ಬಿರುಸೇ?

ಮೊನ್ನೆ ವಾರ್ವಿಕ್ ಮನೆಗೇ ಬಂದ. "ಕೀಲಿ ಆ ಹುಡುಗಿ ಕಿತ್ಕೊಂಡ್ಳು ಅಂದ್ಬಿಡು ಡಲ್ಸಿ. ನಿನ್ ಕೇಸ್ ಬಿದ್ದೋಗುತ್ತೆ, ಕೆಲಸಾನೂ ಉಳಿಯುತ್ತೆ."

"ಅವಳಿಗೆ?"

"ಜೈಲು. ಅವಳೇನ್ ನಿನ್ ಮಗಳಾ?"

"ಕೈಗೆ ಪೈಪ್ ಬಿಗ್ಕೊಂಡ್ ಮಲಗಿದ್ದೋಳು ಅದ್ಹೆಂಗೋ ಕಿತ್ಕೊಳ್ತಾಳೆ, ಮಾರಾಯಾ? ಸುಳ್ಳು ಹೇಳೋಕೂ ಒಂಚೂರು ಬುದ್ಧಿ ಬೇಕಲ್ಲೋ!"

ಒಳಕೋಣೆಯಲ್ಲಿ ಮಲಗಿದ್ದ ಗಂಡ ನಕ್ಕ ಸದ್ದು ಕೇಳಿತು. ವಾರ್ವಿಕ್ ಚಹಾ ಮುಟ್ಟದೆ ಎದ್ದು ಹೋದ.

ಮಂಗಳವಾರ ವಿಚಾರಣೆ. ಕೆಲಸ ಹೋಗುವುದು ಹೆಚ್ಚುಕಡಿಮೆ ಖಚಿತ. ಏನು ಹೇಳುತ್ತೀರಿ ಎಂದರೆ ಡಲ್ಸಿ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ನಾನೇ ಇಟ್ಕೊಂಡೆ ಅಂತೀನಿ. ದಂಡ ಹಾಕ್ಲಿ. ಆದ್ರೆ ಆ ಜಡ್ಜಮ್ಮನ್ನ ಒಂದೇ ಒಂದು ಮಾತು ಕೇಳೋಕೆ ಬಿಡ್ಬೇಕು. ನೀವಾಗಿದ್ರೆ ಸ್ಟಾರ್ಟ್ ಮಾಡ್ತಿದ್ರಾ, ತಾಯಿ?"