ನಾಲ್ಕು ಬೆರಳಿನ ಪರೇಡು

ಹೋದ ಬುಧವಾರ ನನ್ನ ಎಡಗೈ ಪೀರನವಾಡಿಯ ಒಬ್ಬ ಮಾಸ್ತರರ ಬಾಯಲ್ಲಿತ್ತು.

(ಗಾಬರಿಯಾಗಬೇಡಿ. ನಾನು ಹಲ್ಲಿನ ಡಾಕ್ಟರು ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ.)

ಬಲಗೈಯಲ್ಲಿ ಡ್ರಿಲ್. ಎಡಗೈಯ ಕೆಲಸ ಕೆನ್ನೆಯನ್ನು ಸುಮ್ಮನೆ ಹಿಡಿದುಕೊಳ್ಳುವುದು. ಆದರೆ ಅದು ಸುಮ್ಮನಿರಲಿಲ್ಲ. ಕಿರುಬೆರಳು ನಿಧಾನವಾಗಿ ಚಾಚಿಕೊಂಡಿತು, ಉಂಗುರಬೆರಳು ಮಡಚಿಕೊಂಡಿತು, ನಡುಬೆರಳು ದವಡೆಯನ್ನು ಒತ್ತಿ ಹಿಡಿಯಿತು. ಮಾಸ್ತರರು ಕಣ್ಣಗಲಿಸಿ ಏನೋ ಗೊರಗೊರ ಎಂದರು. ಬಾಯಿ ಮುಕ್ಕಳಿಸಿದ ಮೇಲಷ್ಟೇ ಅದು ಅರ್ಥವಾಯಿತು.

"ಬಾಯಾರ, ಒಳಗ ಪೇಟಿ ಬಾರಸಾಕತ್ತಿದ್ರೇನು?"

(ನಮ್ಮ ಕಡೆ ಹೆಂಗಸರಿಗೆ ಗೌರವದಿಂದ 'ಬಾಯಿ' ಎನ್ನುತ್ತಾರೆ. ಹಲ್ಲಿನ ಡಾಕ್ಟರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ?)

ಪೇಟಿ, ಅಂದರೆ ಹಾರ್ಮೋನಿಯಂ, ಅಲ್ಲ; ಗಿಟಾರು. ಅದೂ ಜಾಝ್ ಗಿಟಾರು. ಮಾಸ್ತರರಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ನಿಮಗೆ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಖಾನಾಪುರದ ಹವಾಲ್ದಾರ ಗಾವಡೆ ಕಾಕಾ. ಎಮ್ಮೆ ಕಾಯುವ ಮನೆತನದಲ್ಲಿ ಹುಟ್ಟಿ, ಮಿಲಿಟರಿ ಬ್ಯಾಂಡ್ ಸೇರಿ, ಇಪ್ಪತ್ತು ವರ್ಷ ಕ್ಲಾರಿನೆಟ್ ಊದಿ, ಪೆನ್ಶನ್ ಆದ ಮೇಲೆ ಮತ್ತೆ ಎಮ್ಮೆಗಳ ಬಳಿಗೇ ಬಂದವರು. ಕಳೆದ ವರ್ಷ ಅನಗೋಳದ ನನ್ನ ಕ್ಲಿನಿಕ್ಕಿಗೆ ಬಂದಾಗ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಪೂರ್ತಿ ಸೆಟ್ ಬೇಕೆಂದರು. ಎಲ್ಲರೂ ರೊಟ್ಟಿ ಅಗಿಯಲು ಬರುತ್ತದೆಯೇ ಎಂದು ಕೇಳುತ್ತಾರೆ. ಕಾಕಾ ಕ್ಲಾರಿನೆಟ್ ಊದಲು ಬರುತ್ತದೆಯೇ ಎಂದು ಕೇಳಿದರು.

ಬರುತ್ತದೆ ಎಂದೆ.

ಯಾಕೆ ಹಾಗೆ ಹೇಳಿದೆ? ಕ್ಲಾರಿನೆಟ್ಟನ್ನು ನಾನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಆದರೆ ಡಾಕ್ಟರಾದವರಿಗೆ 'ಗೊತ್ತಿಲ್ಲ' ಎನ್ನುವುದು ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟ.

ಎರಡೇ ವಾರದಲ್ಲಿ ಕಾಕಾ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಊದುವಾಗ ಕ್ಲಾರಿನೆಟ್ಟಿನ ತುದಿಯನ್ನು ಮೇಲಿನ ಹಲ್ಲಿಗೆ ಒತ್ತಿ ಹಿಡಿಯಬೇಕಂತೆ. ಒತ್ತಿದರೆ ಸೆಟ್ಟಿನ ಮುಂಭಾಗ ಮೇಲೇರಿ ಹಿಂಭಾಗ ಕೆಳಗೆ ಬೀಳುತ್ತದೆ. ಅಲ್ಲಲ್ಲಿ ತಿಕ್ಕಿ ಕೊಟ್ಟು, ಮುಂದಿನ ಸಲ ಸರಿಹೋಗುತ್ತದೆ ಎಂದೆ. ಮತ್ತೆ ಬಂದರು. ಮತ್ತೆ ತಿಕ್ಕಿದೆ. ನಾಲ್ಕನೆಯ ಸಲಕ್ಕೆ ನನಗೆ ತಿಳಿದುಹೋಗಿತ್ತು: ಅವರ ದವಡೆಯ ಎಲುಬೇ ಸವೆದಿದೆ, ಯಾವ ಸೆಟ್ಟೂ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಆಗಲೂ ಹಳೆಯ ಮಾತನ್ನೇ ಹೇಳಿದೆ. ಮುಂದಿನ ಸಲ.

ಕಾಕಾ ಬರುವುದನ್ನೇ ನಿಲ್ಲಿಸಿದರು. ನನಗೆ ಒಳಗೊಳಗೇ ಚುಚ್ಚತೊಡಗಿತು. ಒಂದು ಭಾನುವಾರ ಸೆಟ್ ಅಂಟಿಸುವ ಪುಡಿಯ ಡಬ್ಬಿ ಹಿಡಿದು ಖಾನಾಪುರದ ಬಸ್ ಹತ್ತಿದೆ.

ಅವರ ಮನೆ ಹತ್ತಿರವಾದಂತೆ ಗಿಟಾರ್ ಕೇಳಿಸಿತು. ಇಬ್ಬರು ಬಾರಿಸುತ್ತಿದ್ದಾರೆ ಎಂದುಕೊಂಡೆ. ಒಬ್ಬರದು ಹಾಡು, ಇನ್ನೊಬ್ಬರದು ಸಾಥ್. ಹೋಗಿ ನೋಡಿದರೆ ಕಟ್ಟೆಯ ಮೇಲೆ ಕಾಕಾ ಒಬ್ಬರೇ. ಕೇಳುವವರು ಎರಡು ಎಮ್ಮೆ.

ಆಫೀಸರುಗಳ ಮೆಸ್ಸಿನ ಡಾನ್ಸ್ ಬ್ಯಾಂಡಿನಲ್ಲಿ ಗೋವಾದ ಒಬ್ಬ ಗಿಟಾರಿಸ್ಟ್ ಇದ್ದನಂತೆ. ಅವನಿಂದ ಕಲಿತದ್ದು. ಇದಕ್ಕೆ ಕಾರ್ಡ್ ಸೋಲೋ ಎನ್ನುತ್ತಾರೆ ಎಂದು ವಿವರಿಸಿದರು. ನಾಲ್ಕು ತಂತಿ ಒಟ್ಟಿಗೆ ನುಡಿಯಬೇಕು; ಹಾಗೆ ಕೂಡಿ ನುಡಿದ ಸ್ವರಗಳ ಗುಂಪೇ ಕಾರ್ಡ್. ಅವುಗಳಲ್ಲಿ ಎಲ್ಲಕ್ಕಿಂತ ಏರಿದ ಸ್ವರವೇ ಹಾಡು, ಉಳಿದ ಮೂರು ಅದರ ಬೆನ್ನಿಗೆ ನಿಲ್ಲಬೇಕು. ಹಾಡು ಒಂದು ಹೆಜ್ಜೆ ಮುಂದಿಟ್ಟರೆ ಎಡಗೈಯ ಆಕಾರವೇ ಬದಲು. ಒಬ್ಬನೇ ಮನುಷ್ಯ, ಇಡೀ ಬ್ಯಾಂಡು.

ಎಮ್ಮೆಗಳಿಗೆ ಇದು ಮಾಮೂಲಿ. ನನಗೆ ಮೈ ಜುಮ್ಮೆಂದಿತು.

ಕಾಲೇಜಿನಲ್ಲಿ ನಾನೂ ಗಿಟಾರ್ ಹಿಡಿದವಳೇ. ಮೂರು ಕಾರ್ಡಿನಲ್ಲಿ ಹದಿನೈದು ಹಾಡು ಮುಗಿಸುತ್ತಿದ್ದೆ. ನನಗೂ ಕಲಿಸುತ್ತೀರಾ ಎಂದು ಕೇಳಿದೆ. ಯಾಕೆ ಬರುವುದಿಲ್ಲ, ಬರುತ್ತದೆ ಎಂದರು ಕಾಕಾ. ಪ್ರತಿ ಭಾನುವಾರ ನಾನು ಅವರ ಹಲ್ಲು ನೋಡುವುದು, ಅವರು ನನ್ನ ಬೆರಳು ನೋಡುವುದು ಎಂದು ಒಪ್ಪಂದವಾಯಿತು.

"ನಾಕೂ ಬೆರಳು ಕೂಡೇ ಏಳಬೇಕು, ಕೂಡೇ ಇಳೀಬೇಕ್ರಿ. ಪರೇಡ್ ಇದ್ದಂಗ." ಇದು ಮೊದಲ ಪಾಠ. ಹನ್ನೊಂದು ತಿಂಗಳಾದರೂ ಅದೇ ಪಾಠ. ಮೂರು ಬೆರಳು ಹೇಗೋ ಸಾಲಿಗೆ ನಿಲ್ಲುತ್ತಿದ್ದವು. ಕಿರುಬೆರಳು ಮಾತ್ರ ರಜೆ ಮುಗಿದರೂ ಊರು ಬಿಡದ ಸಿಪಾಯಿ. ಅದು ಡ್ಯೂಟಿಗೆ ಹಾಜರಾಗುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಕಾಕಾ ಅದನ್ನು ಎಳೆದು ತಂತಿಯ ಮೇಲೆ ಕೂರಿಸುತ್ತಿದ್ದರು. ಜೀವ ಹೋಗುವಷ್ಟು ನೋವು. ಆಗವರು ಸಮಾಧಾನ ಮಾಡುತ್ತಿದ್ದರು: ಸ್ವಲ್ಪ ನೋಯುತ್ತದೆ ಅಷ್ಟೇ, ಆಯಿತು, ಆಯಿತು, ಮುಗಿದೇಹೋಯಿತು.

ಇಪ್ಪತ್ತು ವರ್ಷದಿಂದ ನಾನು ಹೇಳುತ್ತ ಬಂದ ಮಾತು! ಕೇಳುವವರಿಗೆ ಇಷ್ಟು ಸಿಟ್ಟು ಬರುತ್ತದೆಂದು ಯಾರಾದರೂ ನನಗೆ ತಿಳಿಸಬಾರದಿತ್ತೇ? (ಹೇಗೆ ತಿಳಿಸುತ್ತಾರೆ, ಪಾಪ. ಬಾಯಿಗೆ ನನ್ನ ಕೈ ಅಡ್ಡ.)

ಮನೆಯಲ್ಲೂ ಅಭ್ಯಾಸ ಸಾಗಿತ್ತು. ಜಾಝಿನ ಕಾರ್ಡುಗಳು ಸರಿಯಾಗಿ ಹಿಡಿದರೂ ಹೊಸ ಕಿವಿಗೆ ಸ್ವಲ್ಪ ವಾರೆಯಾಗಿ ಕೇಳಿಸುತ್ತವೆ. ನಾನು ಹಿಡಿದರೆ ಹೇಗಿರಬೇಡ? ಎರಡು ತಿಂಗಳು ಸಹಿಸಿಕೊಂಡ ನಮ್ಮವರು ಒಂದು ಸಂಜೆ ಪೇಪರು ಮಡಚಿಟ್ಟು ಕೇಳಿದರು, "ಹಾಡು ಶುರು ಆಗೇತೋ, ಇನ್ನೂ ತಂತಿ ತಿರುವೂದು ನಡದೈತೋ?"

ಹಾಡು ಶುರುವಾಗಿತ್ತು. ಮುಗಿಯುತ್ತಿರಲಿಲ್ಲ ಅಷ್ಟೇ. ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಮುಂದಿನ ವಾರ ಬರುತ್ತದೆ ಎನ್ನುತ್ತಿದ್ದರು ಕಾಕಾ. ನಾನೂ ಅವರ ಸೆಟ್ ತಿಕ್ಕಿ, ಮುಂದಿನ ವಾರ ಕೂರುತ್ತದೆ ಎನ್ನುತ್ತಿದ್ದೆ. ಕಾಕಾರ ಹೆಂಡತಿ ಕಾಕು ಇಬ್ಬರಿಗೂ ಗಟ್ಟಿ ಹಾಲಿನ ಚಹಾ ಕೊಡುತ್ತಿದ್ದರು.

ಹದಿನೈದು ದಿನದ ಹಿಂದೆ ಹಳೆಯ ಬ್ಯಾಂಡಿನವರೆಲ್ಲ ಖಾನಾಪುರದ ಒಂದು ಸಭಾಭವನದಲ್ಲಿ ಸೇರಿದರು. ಕ್ಲಾರಿನೆಟ್ ಊದುತ್ತೇನೆಂದು ಕಾಕಾ ಮೊದಲೇ ಎಲ್ಲರಿಗೂ ಕಾಗದ ಬರೆದುಬಿಟ್ಟಿದ್ದರು. ಅದಕ್ಕೂ ಮೊದಲು ಡಾಕ್ಟರ್ ಬಾಯಿಯವರ ಕಾರ್ಡ್ ಸೋಲೋ. ಅದನ್ನೂ ಬರೆದಿದ್ದರು.

ಆ ದಿನ ಸಭಾಭವನದ ಬಾಜು ಕೋಣೆಯಲ್ಲಿ ನಾವಿಬ್ಬರೂ ತಯಾರಾಗುತ್ತಿದ್ದೆವು. ಕಾಕಾ ಇಸ್ತ್ರಿ ಮಾಡಿದ ಕೋಟು ತೊಟ್ಟು, ಸೆಟ್ಟಿಗೆ ಪುಡಿ ಹಚ್ಚಿ, ಕ್ಲಾರಿನೆಟ್ ಬಾಯಿಗಿಟ್ಟರು. ಒಂದು ಸ್ವರ ಹೊರಟಿತು. ಎರಡನೆಯದಕ್ಕೆ ಒಳಗೆ ಕಟ್ ಎಂದಿತು. ಮತ್ತೊಮ್ಮೆ ಊದಿದರು. ಮತ್ತೆ ಕಟ್. ಮೂರನೆಯ ಸಲ ಸೆಟ್ಟೇ ಕಳಚಿ ಅಂಗೈಗೆ ಬಂತು. ಹೊರಗೆ ಹಲಸಿಯಿಂದ ಬಂದ ಡ್ರಮ್ಮಿನವರು ಆಗಲೇ ತಾಳ ನೋಡಿಕೊಳ್ಳುತ್ತಿದ್ದರು.

ಕಾಕಾ ಸ್ಟೂಲಿನ ಮೇಲೆ ಕೂತರು. ಅಂಗೈಯನ್ನು ನನ್ನ ಮುಂದೆ ಚಾಚಿದರು.

"ಬಾಯಾರ, ಖರೇ ಹೇಳ್ರಿ. ಇದು ಆಗೂದೈತೋ, ಇಲ್ಲೋ?"

ಇನ್ನೆಷ್ಟು ಸಲ ಮುಂದಿನ ವಾರ ಎನ್ನಲಿ?

"ಆಗೂದಿಲ್ಲ, ಕಾಕಾ. ನಿಮ್ಮ ದವಡಿ ಸವದೈತಿ. ನನಗ ಮೊದಲ ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ."

ಅವರು ಬೈಯಲಿಲ್ಲ. ಕ್ಲಾರಿನೆಟ್ಟನ್ನು ಒಂದೊಂದೇ ತುಂಡಾಗಿ ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬರುವಂತಾಗಿ, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿಬಿಟ್ಟೆ.

"ನಂದೂ ಖರೇ ಹೇಳ್ರಿ. ನಾ ಇವತ್ತ ಬಾರಸ್ಲೇನು?"

"ಬ್ಯಾಡ್ರಿ," ಎಂದರು ಕಾಕಾ. ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಕಿರುಬೆರಳು ಬಹಳ ಗಿಡ್ಡ, ಅದಕ್ಕೆ ಈ ಹಾಡಿನ ಕಾರ್ಡುಗಳು ನಿಲುಕುವುದಿಲ್ಲ, ಇದು ಅವರಿಗೆ ಎರಡನೆಯ ಭಾನುವಾರವೇ ತಿಳಿದಿತ್ತಂತೆ.

ಚಹಾ ತಂದ ಕಾಕು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೊನೆಗೆ ಶಾಂತವಾಗಿ ಕೇಳಿದರು, "ಒಂದ ವರ್ಷ ಇಬ್ಬರೂ ಎದರಾಬದರ ಕುಂತು ಸುಳ್ಳ ಹೇಳೀರೇನು?"

ಮೊದಲು ನಕ್ಕವರು ಕಾಕಾ. ಹಲ್ಲಿಲ್ಲದ ನಗೆಗೆ ಅಡ್ಡಿಯೇ ಇಲ್ಲ ನೋಡಿ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ಆ ನೀರು ಪೂರ್ತಿ ನಗೆಯದೇ ಎಂದು ನಾನು ಆಣೆ ಮಾಡಲಾರೆ.

ಕಾಕಾ ಸೆಟ್ಟನ್ನು ಕಾಕುವಿನ ಕೈಗೆ ಕೊಟ್ಟು, ಹಲ್ಲಿಲ್ಲದೆಯೇ ವೇದಿಕೆಗೆ ಹೋದರು. ಕ್ಲಾರಿನೆಟ್ ಇನ್ನಾಗುವುದಿಲ್ಲ ಎಂದು ಗೆಳೆಯರಿಗೆ ಒಂದೇ ಮಾತಿನಲ್ಲಿ ತಿಳಿಸಿ ಗಿಟಾರ್ ಎತ್ತಿಕೊಂಡರು. ನಾನು ಅರ್ಧದಲ್ಲೇ ಬಿಡುತ್ತಿದ್ದ ಹಾಡನ್ನು ಪೂರ್ತಿ ಬಾರಿಸಿದರು. ದ್ವಿತೀಯಾರ್ಧ ಅಷ್ಟು ಚೆಂದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹಲಸಿಯವರು ಡ್ರಮ್ಮಿನ ಮೇಲೆ ಬರೀ ಬೆರಳಾಡಿಸಿದರು.

ಎಲ್ಲ ಮುಗಿದ ಮೇಲೆ ಟ್ರಂಪೆಟ್ಟಿನ ಇಬ್ಬರು ಮುದುಕರು ನನ್ನನ್ನು ಹುಡುಕಿಕೊಂಡು ಬಂದರು. ಸೆಟ್ ಹಾಕಿಸಿದರೆ ಊದಲು ಬರುತ್ತದೆಯೇ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ನನ್ನ ಡಾಕ್ಟರಿಕೆಯಲ್ಲಿ ಅದು ಮೊದಲ ಸಲ.

ಆಮೇಲಿನ ಭಾನುವಾರ ಖಾನಾಪುರಕ್ಕೆ ಹೋಗಲು ನನಗೆ ಯಾವ ನೆಪವೂ ಉಳಿದಿರಲಿಲ್ಲ. ತಿಕ್ಕುವ ಸೆಟ್ ಇಲ್ಲ, ಬರುವ ವಿದ್ಯೆಯಲ್ಲ. ಆದರೂ ಹೋದೆ. ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿತ್ತು. ಗಿಡ್ಡ ಕಿರುಬೆರಳಿಗೆ ಹೊಂದುವ ಹಾಗೆ ಕಾಕಾ ನಾಲ್ಕು ಕಾರ್ಡುಗಳನ್ನು ಬದಲಿಸಿ ಚೀಟಿಯಲ್ಲಿ ಬರೆದಿಟ್ಟಿದ್ದರು. ಹೀಗಾದರೆ ಪೂರ್ತಿ ಹಾಡು ಬರಲು ಎಷ್ಟು ದಿನ ಬೇಕು ಎಂದು ಕೇಳಿದೆ. ಕಾಕಾ ಗಿಟಾರಿನ ಕಿವಿ ತಿರುವುತ್ತಲೇ ಮರುಪ್ರಶ್ನೆ ಹಾಕಿದರು.

"ಖರೇ ಹೇಳ್ಲೋ, ಡಾಕ್ಟರು ಹೇಳಿದಂಗ ಹೇಳ್ಲೋ?"

ನೀವಾಗಿದ್ದರೆ ಯಾವುದನ್ನು ಕೇಳುತ್ತಿದ್ದಿರಿ?