ನಿಶಾಂತನ ಅರ್ಧ ಸೀಸನ್

ಮೊದಲು ಕಂಡದ್ದು ಕಾಲಿನ ಊತ. ಸಂಜೆ ಕೆಲಸದಿಂದ ಬಂದು ಸಾಕ್ಸ್ ತೆಗೆದರೆ ಚರ್ಮದ ಮೇಲೆ ಅದರ ಅಚ್ಚು ಉಳಿದಿರುತ್ತಿತ್ತು. ಬೆರಳಿನಿಂದ ಒತ್ತಿದ ಕಡೆ ಗುಳಿ ಬೀಳುತ್ತಿತ್ತು. ನಾನು ಪ್ಯಾಕೇಜಿಂಗ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೆಂಟೆನೆನ್ಸ್ ನೋಡಿಕೊಳ್ಳುವವನು. ದಿನವಿಡೀ ನಿಂತೇ ಇರುವ ಕೆಲಸ. ಕಾಲು ಊದದೆ ಇನ್ನೇನು ಎಂದುಕೊಂಡೆ.

ಆಮೇಲೆ ಊಟ ರುಚಿಸದಾಯಿತು. ಹೆಂಡತಿ ಸುಮಾ ಮಾಡಿದ ಸಾರು ಕೂಡ ಬಾಯಿಗೆ ಕಬ್ಬಿಣ ನೆಕ್ಕಿದಂತೆ ಇರುತ್ತಿತ್ತು. ಒಂದು ಬೆಳಿಗ್ಗೆ ಅವಳು ನನ್ನ ಮುಖವನ್ನೇ ನೋಡಿ, "ರೀ, ಕಣ್ಣ ಕೆಳಗೆ ಎಷ್ಟು ಊದಿದೆ ನೋಡ್ಕೊಂಡ್ರಾ? ಇವತ್ತು ಜಿಪಿ ಡಾಕ್ಟರ್ ಹತ್ರ ಹೋಗ್ಲೇಬೇಕು," ಎಂದಳು. ಹೋದೆ. ರಕ್ತ ಕೊಟ್ಟು ಬಂದೆ. ಅದೇ ಸಂಜೆ ಡಾಕ್ಟರೇ ಫೋನ್ ಮಾಡಿದರು. ಕ್ರಿಯಾಟಿನಿನ್ ತುಂಬಾ ಮೇಲಿದೆ, ಈಗಲೇ ಆಸ್ಪತ್ರೆಗೆ ಹೊರಡಿ ಎಂದರು.

ಎರಡೂ ಕಿಡ್ನಿ ಹೋಗಿದ್ದವು.

ಎಷ್ಟೋ ವರ್ಷಗಳಿಂದ ಬ್ಲಡ್ ಪ್ರೆಷರ್ ಒಳಗೊಳಗೇ ತನ್ನ ಕೆಲಸ ಮಾಡಿತ್ತಂತೆ. ಯಂತ್ರದ ಸದ್ದು ಸ್ವಲ್ಪ ಬದಲಾದರೂ ಕಾರ್ಖಾನೆಯ ಇನ್ನೊಂದು ತುದಿಯಿಂದ ಓಡಿಬರುವ ನನಗೆ ಇದು ಕೇಳಿಸಲೇ ಇಲ್ಲ. ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಅದು ಬಲಿತ ಮೇಲೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಬೆಳಗಿನ ಪಾಳಿ. ಮೈಸೂರು ಬಿಟ್ಟು ಪರದೇಶಕ್ಕೆ ಬಂದ ಮೇಲೆ ತಕಾನಿನಿ ಎಂಬ ಉಪನಗರದ ಹೊಸ ಬಡಾವಣೆಯಲ್ಲಿ ಮಾಡಿಕೊಂಡ ನಮ್ಮ ಮನೆಯಿಂದ ಸುಮಾ ನನ್ನನ್ನು ಕಾರಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ವಾಪಸ್ ಬಂದರೆ ನಾನು ಹಿಂಡಿದ ಬಟ್ಟೆ.

ಅದೇ ಬೇಸಿಗೆಯಲ್ಲಿ ನಮ್ಮ ಮಗ ನಿಶಾಂತನಿಗೆ ಇಂಗ್ಲೆಂಡಿನಿಂದ ಕರೆ ಬಂತು. ಇಲ್ಲಿ, ಭೂಮಿಯ ದಕ್ಷಿಣದ ಅರ್ಧದಲ್ಲಿ, ಬೇಸಿಗೆ ಎಂದರೆ ಡಿಸೆಂಬರ್, ಜನವರಿ.

ಅವನು ಓಡಿಸುವುದು ಸ್ಪೀಡ್‌ವೇ ಬೈಕು. ಈ ಬೈಕಿಗೆ ಬ್ರೇಕ್ ಇರುವುದಿಲ್ಲ. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಓಡಿಸುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಲು ಬಿಟ್ಟು, ಎಡಗಾಲನ್ನು ನೆಲಕ್ಕೆ ಊರಿ, ಬೈಕನ್ನು ಅಡ್ಡಡ್ಡಲಾಗಿ ಒಯ್ಯಬೇಕು. ಒಂದು ಓಟ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೆ ಹೀಟ್ ಎನ್ನುತ್ತಾರೆ. ಸ್ಕೂಲಿನಲ್ಲಿದ್ದಾಗ ಗೆಳೆಯನ ಜೊತೆ ನೋಡಲು ಹೋದವನು ಅದರ ಹುಚ್ಚು ಅಂಟಿಸಿಕೊಂಡು ಬಂದ. ಮೈಸೂರಿನಲ್ಲಿ ಸ್ಕೂಟರ್ ಓಡಿಸಲೂ ಹೆದರುತ್ತಿದ್ದ ನಾನು ಅವನಿಗಾಗಿ ಗ್ಯಾರೇಜಿನಲ್ಲಿ ಕೂತು ಎಂಜಿನ್ ಬಿಚ್ಚುವುದನ್ನು ಕಲಿತೆ. ಅಪ್ಪ ಮಗ ಮಾತಾಡಿಕೊಂಡದ್ದೆಲ್ಲ ಅಲ್ಲಿಯೇ. ನಾನು ಕನ್ನಡದಲ್ಲಿ, ಅವನು ಇಂಗ್ಲಿಷಿನಲ್ಲಿ.

ಬ್ರಿಟನ್ನಿನಲ್ಲಿ ಇದಕ್ಕೆ ಲೀಗುಗಳಿವೆ. ಅವನನ್ನು ಕರೆದದ್ದು ಎರಡನೆಯ ಹಂತದ ಲೀಗಿನ ಒಂದು ತಂಡ. ಮೇಲಿನ ಹಂತಕ್ಕೆ ಏರುವವರೂ ಅಲ್ಲಿಂದ ಇಳಿದವರೂ ಒಟ್ಟಿಗೆ ಓಡಿಸುವ ಜಾಗ ಅದು. ಏಳು ಜನರ ತಂಡದಲ್ಲಿ ಅವನಿಗೆ ಕೊನೆಯ ನಂಬರು, ಅಂದರೆ ಎಲ್ಲರಿಗಿಂತ ಕೆಳಗಿನ ಜಾಗ. ನಿಶಾಂತನಿಗೆ ಅಷ್ಟೇ ಸಾಕಿತ್ತು.

ಇನ್ನೊಂದು ವಿಷಯವೂ ಆಗಲೇ ತಿಳಿದಿತ್ತು. ಸುಮಾಗೆ ಸಕ್ಕರೆ ಕಾಯಿಲೆ, ಹಾಗಾಗಿ ನನಗೆ ಕಸಿ ಮಾಡಲು ಅವಳ ಕಿಡ್ನಿ ಆಗುವುದಿಲ್ಲ ಎಂದಿದ್ದರು. ನಿಶಾಂತ್ ತಾನಾಗಿ ಹೋಗಿ ಟೆಸ್ಟ್ ಮಾಡಿಸಿಕೊಂಡಿದ್ದ. ಹೊಂದುತ್ತದೆ ಎಂದು ಬಂತು.

"ನಾನು ಹೋಗಲ್ಲ ಅಪ್ಪ. ಸರ್ಜರಿ ಮುಗಿಸೋಣ, ನೆಕ್ಸ್ಟ್ ಇಯರ್ ನೋಡೋಣ," ಎಂದ. ಅಷ್ಟುದ್ದ ಕನ್ನಡ ಅವನು ಮಾತಾಡುವುದು ಅಪರೂಪ.

"ಡಯಾಲಿಸಿಸ್ ನಡೀತಾ ಇದೆಯಲ್ಲೋ. ಒಂದು ಸೀಸನ್ ಮುಗಿಸ್ಕೊಂಡು ಬಾ. ಅಲ್ಲೀ ತನಕ ನಾನೇನೂ ಎಲ್ಲಿಗೂ ಓಡಿಹೋಗಲ್ಲ," ಎಂದೆ. ಡಾಕ್ಟರೂ ಕಾಯಬಹುದು ಎಂದಿದ್ದರು. ಮಾರ್ಚಿನಲ್ಲಿ ಹೊರಟ. ಜೂನ್ ಹೊತ್ತಿಗೆ ನಾವಿಬ್ಬರೂ ಇಂಗ್ಲೆಂಡಿಗೆ ಹೋಗಿ ಅವನ ಹೋಮ್ ಟ್ರ್ಯಾಕಿನಲ್ಲಿ ಒಂದು ಮ್ಯಾಚ್ ನೋಡುವುದು ಎಂದು ಏರ್‌ಪೋರ್ಟಿನಲ್ಲೇ ಮಾತಾಯಿತು. ಅಲ್ಲಿಯೂ ಡಯಾಲಿಸಿಸ್‌ಗೆ ವ್ಯವಸ್ಥೆ ಮಾಡಿಕೊಳ್ಳಬಹುದು ಎಂದು ನರ್ಸ್ ಮೆಲೆ ಹೇಳಿದ್ದಳು. ಮೆಲೆ ಟೋಂಗಾದವಳು. ನನ್ನ ತೋಳಿಗೆ ಸೂಜಿ ಹಾಕುವುದು ಹೆಚ್ಚಾಗಿ ಅವಳೇ.

ನಿಶಾಂತನ ತಂಡದ ಮ್ಯಾಚುಗಳು ಶುಕ್ರವಾರ ಸಂಜೆ. ಇಲ್ಲಿ ಅದು ಶನಿವಾರ ಬೆಳಿಗ್ಗೆ, ನಾನು ಮೆಷಿನ್ನಿಗೆ ಅಂಟಿಕೊಂಡಿರುವ ಹೊತ್ತು. ಒಂದು ಕೈ ಅಲ್ಲಾಡಿಸುವಂತಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನೋಡುತ್ತಿದ್ದೆ. ಮೊದಮೊದಲು ಅವನು ಕೊನೆಯವನಾಗಿ ಬರುತ್ತಿದ್ದ. ಎದ್ದ ಮಣ್ಣಿನಲ್ಲಿ ಅವನ ಹೆಲ್ಮೆಟ್ಟಿನ ಬಣ್ಣ ಕೂಡ ಕಾಣುತ್ತಿರಲಿಲ್ಲ. ಸ್ಟಾರ್ಟಿನಲ್ಲಿ ಕ್ಲಚ್ ಬೇಗ ಬಿಡುತ್ತಿದ್ದಾನೆ ಅನಿಸಿ ಫೋನ್ ಮಾಡಿ ಹೇಳಿದೆ. "ಐ ನೋ, ಅಪ್ಪ," ಎಂದು ನಕ್ಕ.

ಮೇ ತಿಂಗಳ ಒಂದು ಶನಿವಾರ ಅವನು ಒಳಗಡೆಯ ಸಣ್ಣ ಜಾಗದಲ್ಲಿ ಬೈಕ್ ನುಗ್ಗಿಸಿ ಇಬ್ಬರನ್ನು ಒಟ್ಟಿಗೆ ಹಿಂದೆ ಹಾಕಿದ. ಮೊದಲನೆಯವನಾಗಿ ಬಂದ. ನನಗೆ ತಿಳಿಯದೆ ಮೈ ಅಲ್ಲಾಡಿ ಮೆಷಿನ್ನಿನ ಅಲಾರಂ ಹೊಡೆದುಕೊಂಡಿತು. ಮೆಲೆ ಓಡಿಬಂದಳು. ಬೈಯುವ ಬದಲು ಫೋನಿನೊಳಗೆ ಇಣುಕಿ, "ಇವನಾ ನಿಮ್ಮ ಹುಡುಗ? ಬ್ರೇಕ್ ಇಲ್ಲದ ಬೈಕಾ?" ಎಂದು ಕೇಳಿದಳು. ಅಲ್ಲಿಂದ ಮುಂದೆ ಪಕ್ಕದ ಬೆಡ್ಡುಗಳವರೂ ಅವನ ಪಾಯಿಂಟ್ ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ತಂಡ ಲೀಗಿನ ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಅವನಿಗೆ ಮೇಲಿನ ನಂಬರು ಕೊಟ್ಟರು. ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತೇವೆ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದ.

ಆ ಬೆಳಗುಗಳು ನನ್ನ ಕಾಯಿಲೆಯ ಒಳ್ಳೆಯ ದಿನಗಳು. ಹೀಗೆ ಬರೆಯುವುದು ವಿಚಿತ್ರವೆನಿಸಿದರೂ ನಿಜ.

ಜೂನಿನಲ್ಲಿ ಫಿಸ್ಟುಲಾ ಕಟ್ಟಿಕೊಂಡಿತು. ಕುತ್ತಿಗೆಯಲ್ಲಿ ಕ್ಯಾಥೆಟರ್ ಹಾಕಿ ಡಯಾಲಿಸಿಸ್ ಮಾಡಿದರು. ಇಂಗ್ಲೆಂಡ್ ಪ್ರಯಾಣ ಅಲ್ಲಿಗೇ ನಿಂತಿತು. ಆಮೇಲೆ ಒಂದು ಮಧ್ಯಾಹ್ನ ಚಳಿ ಹತ್ತಿತು. ಹಲ್ಲು ಕಟಕಟಿಸುವ ಚಳಿ. ಸುಮಾ ಎರಡು ದಪ್ಪ ರಜಾಯಿ ಹೊದಿಸಿದರೂ ನಿಲ್ಲಲಿಲ್ಲ. ಆಂಬ್ಯುಲೆನ್ಸ್ ಬಂದದ್ದು ನೆನಪಿದೆ. ಅದರ ನಂತರದ ದಿನಗಳು ನನ್ನ ಪಾಲಿಗೆ ಇಲ್ಲ.

ಇನ್‌ಫೆಕ್ಷನ್ ರಕ್ತಕ್ಕೆ ಹೋಗಿತ್ತು.

ಐಸಿಯುವಿನಿಂದ ವಾರ್ಡಿಗೆ ಬಂದ ದಿನ ಕಣ್ಣು ಬಿಟ್ಟರೆ ಬೆಡ್ಡಿನ ಪಕ್ಕ ನಿಶಾಂತ್ ಕೂತಿದ್ದ. ಗಡ್ಡ ಬಂದಿತ್ತು. ಸೊರಗಿದ್ದ. ಮೊದಲು ಸಂತೋಷವಾಯಿತು. ಆಮೇಲೆ ವಾರ ಯಾವುದು ಎಂದು ಕೇಳಿದೆ. ಶನಿವಾರ ಎಂದ. ಶನಿವಾರ ಅವನು ಇಲ್ಲಿದ್ದಾನೆ ಎಂದರೆ ಅಲ್ಲಿ ತಂಡದಲ್ಲಿ ಇನ್ಯಾರೋ ಓಡಿಸುತ್ತಿದ್ದಾರೆ ಎಂದೇ ಅರ್ಥ.

"ಯಾವಾಗ ವಾಪಸ್ ಹೋಗ್ತೀಯ?" ಎಂದೆ.

ಅವನು ಸುಮಾಳ ಮುಖ ನೋಡಿದ. ಸುಮಾ ಕಿಟಕಿಯ ಕಡೆ ನೋಡಿದಳು.

ಇನ್‌ಫೆಕ್ಷನ್ ಪೂರ್ತಿ ವಾಸಿಯಾದ ಮೇಲೆ ನಮ್ಮನ್ನು ಟ್ರಾನ್ಸ್‌ಪ್ಲಾಂಟ್ ಕ್ಲಿನಿಕ್ಕಿಗೆ ಕರೆದರು. ರಕ್ತನಾಳಗಳು ಕೈಕೊಡುತ್ತಿವೆ, ಇನ್ನು ಕಾಯುವುದು ಒಳ್ಳೆಯದಲ್ಲ ಎಂದು ಡಾಕ್ಟರ್ ಹೇಳಿದರು. ಸೌಮ್ಯವಾಗಿ ಮಾತಾಡುವ ಹೆಂಗಸು. ಸರ್ಜರಿಯ ಬಗ್ಗೆ ಎಲ್ಲ ವಿವರಿಸಿ ಕೊನೆಗೆ ನಿಶಾಂತನ ಕಡೆ ತಿರುಗಿ, "ಬೈಕಿನ ವಿಷಯ ನಾವು ಆಗಲೇ ಮಾತಾಡಿದ್ದೇವಲ್ಲ, ನಿಮ್ಮ ನಿರ್ಧಾರ ಅದೇ ತಾನೇ?" ಎಂದು ಕೇಳಿದರು.

"ಯಾವ ವಿಷಯ?" ಎಂದು ನಾನು ಕೇಳಿದೆ.

ಒಂದೇ ಕಿಡ್ನಿ ಉಳಿದವನು ಹ್ಯಾಂಡಲ್ ಮೇಲೆ ಬಿದ್ದರೆ, ಅಥವಾ ಹಿಂದಿನ ಬೈಕು ಸೊಂಟಕ್ಕೆ ಬಡಿದರೆ, ಉಳಿದದ್ದೂ ಹೋಗಬಹುದು. ಕೊಟ್ಟ ಮೇಲೆ ಸ್ಪೀಡ್‌ವೇ ಬೇಡ ಎಂದು ಅವರು ಬೇಸಿಗೆಯಲ್ಲಿಯೇ ಅವನಿಗೆ ಹೇಳಿದ್ದರಂತೆ. ನೆಕ್ಸ್ಟ್ ಇಯರ್ ನೋಡೋಣ ಎಂದು ಮನೆಯಲ್ಲಿ ಹೇಳುವಾಗ ಆ ನೆಕ್ಸ್ಟ್ ಇಯರ್ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆ ಸೀಸನ್ ಅವನ ಮೊದಲನೆಯದು. ಕೊನೆಯದೂ ಅದೇ ಎಂದು ತಿಳಿದೇ ಹೊರಟಿದ್ದ.

ಕ್ಲಿನಿಕ್ಕಿನ ಕಾರ್ ಪಾರ್ಕಿನಲ್ಲಿ ನಾನು ಕಾರು ಹತ್ತಲಿಲ್ಲ.

"ನಂಗೆ ಬೇಡ ಕಣೋ. ವೇಟಿಂಗ್ ಲಿಸ್ಟಲ್ಲಿ ಹೆಸರಿದೆ, ಯಾರದ್ದಾದ್ರೂ ಬರತ್ತೆ."

"ಅದು ಬರೋಕೆ ಇಯರ್ಸ್ ಆಗುತ್ತೆ. ಯು ಹರ್ಡ್ ಹರ್."

"ನಿನ್ನ ಹತ್ರ ಇದನ್ನ ಕಿತ್ಕೊಂಡು ನಾನು ಬದುಕಿ ಏನು ಮಾಡ್ಲಿ?"

ಅವನು ಸಿಟ್ಟಾದ. ಅವನು ನನ್ನ ಮೇಲೆ ಸಿಟ್ಟಾದದ್ದು ಕಡಿಮೆ. "ನೀನು ಕಿತ್ಕೊಳ್ತಾ ಇಲ್ಲ. ಐ ಆಮ್ ಗಿವಿಂಗ್ ಇಟ್. ಡೋಂಟ್ ಮಿಕ್ಸ್ ಅಪ್ ದ ಟೂ," ಎಂದು ಹೇಳಿ ದೂರ ಹೋಗಿ ನಿಂತ.

ಸುಮಾ ನನ್ನ ಹತ್ತಿರ ಬಂದಳು. "ನಂಗೆ ಬೇಸಿಗೇಲೇ ಹೇಳಿದ್ದ," ಎಂದಳು. "ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ನಾನು ಅವನಿಗೆ ಕೊಡು ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ ರೀ. ಐಸಿಯು ಹೊರಗೆ ಕೂತಾಗ ಮಾತ್ರ, ಇವನು ಬೇಗ ಬರ್ಲಿ ಅಂತ ಕಾಯ್ತಾ ಇದ್ದೆ. ಅಷ್ಟು ನಿಜ."

ಇಬ್ಬರನ್ನೂ ನೋಡಿದೆ. ನಾನು ಬೇಡವೆಂದರೆ ಇವಳು ಮತ್ತೆ ಆ ಬಾಗಿಲ ಹೊರಗೆ ಕೂರಬೇಕು. ಕಾರು ಹತ್ತಿದೆ. ಅದನ್ನು ಒಪ್ಪಿಗೆ ಎಂದು ಎಲ್ಲರೂ ತಿಳಿದುಕೊಂಡರು. ನಾನೂ ಹಾಗೇ ತಿಳಿದುಕೊಂಡೆ.

ಸರ್ಜರಿ ಆಗಸ್ಟ್ ಕೊನೆಗೆ ಆಯಿತು. ಬೆಳಿಗ್ಗೆ ಮೊದಲು ಅವನನ್ನು ಒಯ್ದರು, ನಂತರ ನನ್ನನ್ನು. ಎಚ್ಚರವಾದಾಗ ನರ್ಸ್ ಬೆಡ್ಡಿಗೆ ನೇತುಹಾಕಿದ ಚೀಲ ತೋರಿಸಿದಳು. ಅದು ಮೂತ್ರದಿಂದ ತುಂಬುತ್ತಿತ್ತು. ಹತ್ತಿರ ಹತ್ತಿರ ಒಂದು ವರ್ಷದಿಂದ ನನ್ನ ದೇಹ ಸರಿಯಾಗಿ ಮಾಡದ ಕೆಲಸವನ್ನು ಅವನ ಕಿಡ್ನಿ ಬಂದ ಕೂಡಲೇ ಹಿಡಿದುಕೊಂಡಿತ್ತು. ಮಾರನೆಯ ದಿನ ಅವನು ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ನನ್ನ ರೂಮಿಗೆ ನಡೆದುಬಂದ. ಹದಿಹರೆಯದಲ್ಲಿ ಕಾಲರ್ ಬೋನ್ ಮುರಿದುಕೊಂಡೇ ಪ್ರೈಜ್ ತೆಗೆದುಕೊಳ್ಳಲು ಹೋದವನು ಬಾಗಿಲಿನಿಂದ ಕುರ್ಚಿಗೆ ಬರಲು ಎರಡು ಸಲ ನಿಂತ. ಇಬ್ಬರೂ ಆ ಚೀಲವನ್ನು ನೋಡುತ್ತಾ ಕೂತೆವು.

ಬಾಯಿಗೆ ರುಚಿ ಬಂತು. ಮುಖದ ಊತ ಇಳಿಯಿತು. ಅಕ್ಟೋಬರಿನಲ್ಲಿ ಅವನ ತಂಡ ಫೈನಲ್ಲಿಗೆ ಬಂತು. ನಮ್ಮ ಲೌಂಜಿನಲ್ಲಿ ಟಿವಿಗೆ ಹಾಕಿ ಮೂವರೂ ನೋಡಿದೆವು. ಅವನ ಜಾಗದಲ್ಲಿ ಓಡಿಸಿದವನು ಒಬ್ಬ ಆಸ್ಟ್ರೇಲಿಯನ್. ಚೆನ್ನಾಗಿ ಓಡಿಸುತ್ತಿದ್ದ. ಕೊನೆಯ ಹೀಟ್‌ನಲ್ಲಿ ಗೆದ್ದರು. ರೈಡರುಗಳು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನಿಶಾಂತ್ ಚಪ್ಪಾಳೆ ತಟ್ಟಿದ. ಮ್ಯಾನೇಜರ್ ಮೈಕಿನಲ್ಲಿ ಹೆಸರುಗಳನ್ನು ಹೇಳುತ್ತಾ ಅವನ ಹೆಸರನ್ನೂ ಹೇಳಿದ, ಉಚ್ಚಾರ ಕೆಡಿಸಿಯೇ. ನಿಶಾಂತ್ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಸುಮ್ಮನೆ ಹರಿಯುವುದು ಲೌಂಜಿಗೆ ಕೇಳುತ್ತಿತ್ತು. ಸುಮಾ ಏಳಲು ಹೋದಳು. ನಾನು ಅವಳ ಕೈ ಹಿಡಿದು ಕೂರಿಸಿದೆ.

ನನಗೆ ಈಗಲೂ ಅವನ ಇಂಗ್ಲೆಂಡಿನ ಟ್ರ್ಯಾಕ್ ಹೇಗಿದೆ ಎಂದು ತಿಳಿಯದು. ಫೋನಿನಷ್ಟು ಅಗಲದ ಟ್ರ್ಯಾಕ್ ಮಾತ್ರ ನೋಡಿದ್ದೇನೆ. ಅಲ್ಲಿಯ ಮಣ್ಣಿನ ವಾಸನೆ, ಬೈಕಿಗೆ ಹಾಕುವ ಮೆಥನಾಲಿನ ಘಾಟು, ಜನ ಅವನ ಹೆಸರು ಹಿಡಿದು ಕೂಗುವುದು ಯಾವುದೂ ನನಗೆ ದಕ್ಕಲಿಲ್ಲ. ಅವನಿಗೂ ಅರ್ಧವೇ ದಕ್ಕಿತು. ಆರೋಗ್ಯ ಮರಳಿತಲ್ಲ, ಬೇಸರ ಯಾಕೆ ಎಂದು ನಮ್ಮ ಕನ್ನಡ ಬಳಗದವರು ಕೇಳುತ್ತಾರೆ. ಮಗ ಎಂದರೆ ಹೀಗಿರಬೇಕು ಎಂದು ಅವನ ಬೆನ್ನು ತಟ್ಟುತ್ತಾರೆ. ಆಗ ಅವನು ನಗುತ್ತಾ, "ಥ್ಯಾಂಕ್ಸ್ ಅಂಕಲ್" ಎನ್ನುತ್ತಾನೆ. ಆ ನಗು ನೋಡಲು ನನ್ನಿಂದಾಗುವುದಿಲ್ಲ.

ಕಳೆದ ತಿಂಗಳು ಇಲ್ಲಿಯ ಟ್ರ್ಯಾಕಿನಲ್ಲಿ ಬೇಸಿಗೆಯ ಮೊದಲ ಮೀಟ್ ಇತ್ತು. ಹೋಗೋಣವೇ ಎಂದು ಕೇಳಿದ್ದು ಅವನು. ಧೂಳು ನನಗೆ ಆಗದು, ಆದ್ದರಿಂದ ಮಾಸ್ಕ್ ಹಾಕಿಕೊಂಡು ಮೇಲಿನ ಸಾಲಿನಲ್ಲಿ ಕೂತೆವು. ಮಧ್ಯಾಹ್ನದ ಬಿಸಿಲಿತ್ತು. ಎಂಜಿನ್ನುಗಳು ಒಮ್ಮೆಲೇ ಕಿರುಚಿದಾಗ ಅವನ ಬಲಗೈ ಮಡಿಲಲ್ಲಿ ತಾನಾಗಿ ತಿರುಚಿಕೊಂಡಿತು, ಥ್ರಾಟಲ್ ಹಿಡಿದ ಹಾಗೆ.

"ಬೇಜಾರಾಗ್ತಿದೆಯಾ?" ಎಂದು ಕೇಳಿದೆ. ಅಷ್ಟು ತಿಂಗಳಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

"ಎವೆರಿ ಡೇ, ಅಪ್ಪ." ಟ್ರ್ಯಾಕ್ ನೋಡುತ್ತಲೇ ಹೇಳಿದ. "ನೀನು ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳಲ್ಲ. ಬಟ್ ಆಸ್ಕ್ ಮಿ ಸಮ್‌ಟೈಮ್ಸ್. ಯಾರೂ ಕೇಳೋದೇ ಇಲ್ಲ."

ಕೇಳ್ತೀನಿ ಎಂದೆ.

ಸ್ವಲ್ಪ ಹೊತ್ತಿನ ನಂತರ ನನಗೆ ಸುಸ್ತಾಯಿತು. ಮಾತ್ರೆಯ ಹೊತ್ತೂ ಆಗುತ್ತಾ ಬಂದಿತ್ತು. ಹೊರಡೋಣ ಎಂದು ಎದ್ದೆ. ಅವನು ನನ್ನ ತೋಳು ಹಿಡಿದು ಮೆಲ್ಲಗೆ ಕೂರಿಸಿ, "ಇನ್ನೊಂದೇ ಹೀಟ್," ಎಂದ.

ಕೂತೆ. ನಾಲ್ವರು ಸ್ಟಾರ್ಟಿನ ಗೇಟಿಗೆ ಬಂದು ನಿಂತರು.