ಚೀಲದೊಳಗಿನ ಚರಿಗೆ

ಗೊತ್ತಿಲ್ಲದ ಊರಿಗೆ ಒಬ್ಬಳೇ ನೌಕರಿಗೆ ಹೋದ ಹುಡುಗಿ ಎಲ್ಲಕ್ಕಿಂತ ಮೊದಲು ಏನನ್ನು ಹುಡುಕುತ್ತಾಳೆ, ಹೇಳಿ ನೋಡೋಣ? ಬಾಡಿಗೆ ಕೋಣೆ ಅಂದಿರಾ? ಕುಡಿಯುವ ನೀರು? ಒಳ್ಳೆಯ ಖಾನಾವಳಿ? ಎಲ್ಲವೂ ತಪ್ಪು. ಮನೆಯೊಳಗೇ ಚಿಲಕವಿರುವ ಸಣ್ಣ ಬಾಗಿಲು ಇಟ್ಟುಕೊಂಡವರು ನೀವು, ನಿಮಗೆ ಹೊಳೆಯುವುದಿಲ್ಲ. ಹೊಳೆದರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಇಷ್ಟು ವರ್ಷ ಹೇಳಿರಲಿಲ್ಲ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಫೋನಿಗೆ ನನ್ನ ಮುಖ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಕಾಣುತ್ತದೆ ಅಜ್ಜಿ, ಮೇಲೊಂದು ಕಣ್ಣಿದೆ ಎನ್ನುತ್ತಾಳೆ ಅವಳು. ಅದರ ಮೇಲೆ ಇನ್ನೊಂದು ಕೈಯ ಹೆಬ್ಬೆರಳು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸೊಲ್ಲಾಪುರದ ಗಿರಣಿ ಚಾಳಿನಲ್ಲಿ ಬೆಳೆದವಳು. ಪುಣೆಯಲ್ಲಿ ನರ್ಸ್ ತರಬೇತಿ ಮುಗಿಸಿ ಅಲ್ಲಿಯೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದೆ. ಚಾಳಿನಲ್ಲಿ ಬೆಳಿಗ್ಗೆ ಸಾಲು ಹಚ್ಚಬೇಕಿತ್ತು ನಿಜ, ಆದರೆ ಸಾಲಿನ ತುದಿಗೆ ಒಂದು ಬಾಗಿಲಿತ್ತು. ಪುಣೆಯ ಹಾಸ್ಟೆಲಿನಲ್ಲಿ ಸಾಲೂ ಇರಲಿಲ್ಲ. ಹಾಗಿರುವಾಗ ಜತ್ತದ ದವಾಖಾನೆಗೆ ನೇಮಕವಾದ ಆದೇಶ ಬಂತು. ಕಾಯಂ ನೌಕರಿ. ಅವ್ವನಿಗೆ ಇಷ್ಟವಿರಲಿಲ್ಲ. ಆಕೆಯ ಕೈಯಲ್ಲಿ ಬಾರ್ಶಿ ಕಡೆಯ ಒಬ್ಬ ವಿಧುರ ವರ ಸಿದ್ಧನಿದ್ದ, ತುಟಿಗಿಂತ ಮೀಸೆಯೇ ಹೆಚ್ಚು ಇದ್ದವನು. ಕಡೆಗೆ ಅವ್ವ ಒಂದು ಕರಾರು ಹಾಕಿದಳು. ಮದುವೆಯಾಗದ ಹುಡುಗಿಗೆ ಸಣ್ಣ ಊರಿನಲ್ಲಿ ಮರ್ಯಾದಸ್ಥರು ಕೋಣೆ ಕೊಟ್ಟರೆ ಇರು, ಕೊಡದಿದ್ದರೆ ಸುಮ್ಮನೆ ತಿರುಗಿ ಬಂದು ಬಾಸಿಂಗ ಕಟ್ಟಿಸಿಕೋ. ಹೀಗಾಗಿ ಕೋಣೆ ಎಂದರೆ ನನಗೆ ಬರೀ ಕೋಣೆಯಾಗಿರಲಿಲ್ಲ. ಅದು ಕೈಬಿಟ್ಟರೆ ಮೀಸೆ ಕಾದು ನಿಂತಿತ್ತು.

ಜತ್ತ ಅವಸರವಿಲ್ಲದ ಊರು. ಬಸ್ಸು ಬಂದು ನಿಂತರೆ ಡ್ರೈವರ್ ಚಹಾ ಕುಡಿಯಲು ಹೋಗುತ್ತಿದ್ದ, ಹತ್ತುವವರು ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದರು. ದವಾಖಾನೆಯಲ್ಲಿ ಔಷಧಿ ತೆಗೆದುಕೊಂಡವರೂ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅರ್ಧ ಮಾತು ಮರಾಠಿಯಲ್ಲಿ ಆಡಿ ಉಳಿದರ್ಧ ಕನ್ನಡದಲ್ಲಿ ಮುಗಿಸಿ, ಬಿಸಿಲು ಇಳಿದ ಮೇಲೆ ಹೋಗುತ್ತಿದ್ದರು. ನಾನು ಮಾತ್ರ ಪುಣೆಯ ನಡಿಗೆಯಲ್ಲಿ ನಡೆಯುತ್ತಿದ್ದೆ. ಯಾರಿಗೋ ಹೆರಿಗೆ ನೋವು ಬಂದಿದೆ ಎಂದುಕೊಂಡು ಜನ ದಾರಿ ಬಿಡುತ್ತಿದ್ದರು.

ಕೋಣೆ ಕೊಟ್ಟವರು ಶೇಂಗಾ, ಜೋಳದ ವ್ಯಾಪಾರ ಮಾಡುತ್ತಿದ್ದ ಮನೆತನದ ಒಬ್ಬ ವಿಧವೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ನನಗೂ ಕಾಕುವೇ ಆದರು. ಮೊದಲ ದಿನ ಅಂಗಳದಲ್ಲಿ ಕೂಡಿಸಿಕೊಂಡು ನನ್ನ ಜಾತಿ, ಅವ್ವನ ತವರು, ಅಪ್ಪನ ಪಗಾರ, ಇನ್ನೂ ಮದುವೆ ಯಾಕಾಗಿಲ್ಲ ಎಲ್ಲ ಕೇಳಿದರು. ತತ್ತಿ ಬೇಯಿಸಬಾರದು, ಗಂಡಸರು ಹೊಸ್ತಿಲು ದಾಟಬಾರದು ಎಂದರು. ಎಲ್ಲಕ್ಕೂ ಹೂಂ ಅಂದೆ. ನೀವೇನಾದರೂ ಕೇಳುವುದಿದೆಯೇ ಎಂದರು. ಕೇಳಬೇಕಾದದ್ದು ಒಂದೇ ಇತ್ತು. ಅಂಗಳದ ನಾಲ್ಕೂ ಮೂಲೆ ನೋಡಿದ್ದೆ, ಬಚ್ಚಲು ಕಂಡಿತ್ತು, ಇನ್ನೊಂದು ಬಾಗಿಲು ಕಂಡಿರಲಿಲ್ಲ. ಆದರೂ ಏನೂ ಇಲ್ಲರಿ ಅಂದೆ.

ಮರುದಿನ ಇನ್ನೂ ಮಬ್ಬುಗತ್ತಲೆ. ಬಾಗಿಲು ಬಡಿದ ಸದ್ದು. ಕಿಂಡಿಯಿಂದ ನೋಡಿದರೆ ಓಣಿಯ ಹೆಂಗಸರೆಲ್ಲ ಬೇವಿನ ಗಿಡದ ಕೆಳಗೆ ಕೂಡಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚರಿಗೆ ನೀರು. ರಾತ್ರಿ ಬಿದ್ದ ಕನಸು, ಸೊಸೆಯ ದೂರು, ಸಂತೆಯ ದರ, ನಗು. ಹೂ ಕೀಳಲು ಹೊರಟವರ ಸಡಗರ ಅದು.

“ಬಾಯಾರ, ಏಳ್ರಿ, ಹೋಗೂಣು,” ಎಂದರು ಕಾಕು. ನರ್ಸಮ್ಮನಿಗೆ ಅಲ್ಲಿ ಬಾಯಾರು ಅನ್ನುತ್ತಿದ್ದರು.

ನಾನು ಮತ್ತೆ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು, ನಂದು ಆಗಿದೆ ಎಂದು ಕೂಗಿದೆ. ಹೊರಗೆ ಒಂದು ಎಳೆಯ ದನಿ ಕೇಳಿತು.

“ಯಾವಾಗ ಆತು, ಕನಸಿನ್ಯಾಗೇನು?”

ನಗು ಓಣಿಯ ತುದಿವರೆಗೂ ಹೋಯಿತು. ಆ ದನಿ ಹಿಂದಿನ ಮನೆಯ ಕುರಿಗಾರರ ಸೊಸೆಯದು. ಮಾಡಗ್ಯಾಳದಿಂದ ಮದುವೆಯಾಗಿ ಬಂದವಳು, ನನ್ನದೇ ವಯಸ್ಸು, ನಾಲಿಗೆ ಮಾತ್ರ ಜಾಲಿಯ ಮುಳ್ಳು. ಕೆಲವು ದಿನ ಕಾಕು ಹೀಗೆ ಬಾಗಿಲು ಬಡಿದರು, ನಾನು ಅದನ್ನೇ ಕೂಗಿದೆ. ಆಮೇಲೆ ಬಡಿಯುವುದನ್ನು ಬಿಟ್ಟರು.

ಅಷ್ಟು ಮಂದಿಯ ನಡುವೆ, ಮಾತಾಡುತ್ತ, ಕೈಯಲ್ಲಿ ಚರಿಗೆ ಹಿಡಿದು ಬಜಾರದ ಮುಂದೆ ಹಾದು ಹೋಗುವುದೇ? ನೆನೆಸಿಕೊಂಡರೇ ಕಿವಿ ಬಿಸಿಯಾಗುತ್ತಿತ್ತು. ರಾತ್ರಿ ಊಟ ಕಡಿಮೆ ಮಾಡಿದೆ, ನೀರು ಕಡಿಮೆ ಮಾಡಿದೆ. ಅದರಿಂದ ಎಷ್ಟು ದಿನ ನಡೆದೀತು? ಕೊನೆಗೆ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನ ದವಾಖಾನೆ ಮುಚ್ಚಿದಾಗ ಊರೆಲ್ಲ ಮಲಗಿರುತ್ತದೆ. ಬ್ಯಾಂಡೇಜು, ಹತ್ತಿ ಒಯ್ಯುವ ನನ್ನ ಬಟ್ಟೆಯ ಚೀಲದಲ್ಲಿ ನೀರು ತುಂಬಿದ ಒಂದು ಹಿತ್ತಾಳೆ ಚರಿಗೆ ಇಟ್ಟು, ಅದರ ಬಾಯಿಗೆ ಬಟ್ಟೆ ತುರುಕಿ, ಮೇಲೆ ಬ್ಯಾಂಡೇಜು ಹರಡಿ, ಬಾಣಂತಿ ನೋಡಲು ಹೊರಟ ಗಂಭೀರ ಮುಖ ಮಾಡಿ ಉಮದಿ ರಸ್ತೆ ಹಿಡಿಯುತ್ತಿದ್ದೆ. ಊರು ದಾಟಿದ ಮೇಲೆ ಒಂದು ಒಣ ಹಳ್ಳ, ಹಳ್ಳದ ತುಂಬ ಜಾಲಿ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಊರಿನ ಕೂಸಿಗೂ ಗೊತ್ತಿತ್ತು. ಅಲ್ಲಿ ಚರಿಗೆ ಎಂದರೆ ಪರವಾನಗಿ. ಅದನ್ನು ಕೈಯಲ್ಲಿ ಎದ್ದು ಕಾಣುವ ಹಾಗೆ ಹಿಡಿದ ಹೆಂಗಸನ್ನು ಯಾವ ಹೊತ್ತಿನಲ್ಲೂ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಎದುರು ಬಂದ ಗಂಡಸು ಗೋಡೆಯ ಕಡೆ ತಿರುಗುತ್ತಾನೆ, ಸೈಕಲ್ಲಿನವನು ಆಕಾಶ ನೋಡುತ್ತಾನೆ. ಚರಿಗೆಯಿಲ್ಲದೆ ಒಬ್ಬಳು ಹರೆಯದ ಹೆಂಗಸು, ಇಸ್ತ್ರಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ, ಊರು ಮಲಗಿದಾಗ ಹಳ್ಳದ ಕಡೆ ಹೋಗಿ ಸ್ವಲ್ಪ ಹೊತ್ತಿನ ನಂತರ ನೆಮ್ಮದಿಯ ಮುಖ ಹೊತ್ತು ಬಂದರೆ ನೋಡಿದವರು ಏನು ತಿಳಿಯಬೇಕು? ಅದನ್ನೇ ತಿಳಿದರು.

ಈ ನಡುವೆ ನನ್ನ ನೌಕರಿಯ ಒಂದು ಮಾತು ಹೇಳಬೇಕು. ಆಗ ಕುಟುಂಬ ಯೋಜನೆಯ ಗದ್ದಲ. ಹೆಂಗಸರನ್ನು ಕೂಡಿಸಿ ಲೂಪ್ ಎಂಬ ಪ್ಲಾಸ್ಟಿಕ್ಕಿನ ಸುರುಳಿಯ ಬಗ್ಗೆ ತಿಳಿಸಿ ಹೇಳುವುದು ನನ್ನ ಪಾಲಿಗಿತ್ತು. ಕಾಕುವಿನ ಅಂಗಳದಲ್ಲೇ ಕೂಡಿಸಿದೆ. ಅಂಗೈ ಮೇಲೆ ಸುರುಳಿ ಇಟ್ಟುಕೊಂಡು ಇದು ಏನು, ಎಲ್ಲಿ ಹಾಕುತ್ತಾರೆ, ಹೇಗೆ ಹಾಕುತ್ತಾರೆ, ಆಸ್ಪತ್ರೆಯ ದೊಡ್ಡ ದನಿಯಲ್ಲಿ ಹೇಳುತ್ತಾ ಹೋದೆ. ಅತ್ತೆಯಂದಿರೂ ಸೊಸೆಯರೂ ಒಂದೇ ಚಾಪೆಯ ಮೇಲಿದ್ದರು. ಸೆರಗುಗಳು ಒಂದೊಂದಾಗಿ ಮುಖದ ಮೇಲೆ ಬಂದವು. ಮಾಡಗ್ಯಾಳದ ಸೊಸೆ ತಲೆ ತಗ್ಗಿಸಿ ಮೆಲ್ಲಗೆ ಎದ್ದು ಬಾಗಿಲ ಕಡೆ ಹೊರಟಳು. ನಾನು ಹೋಗಿ ಕೈ ಹಿಡಿದು ಎಳೆದು ತಂದೆ.

“ಕುಂದ್ರಿ, ಇದರಾಗ ನಾಚೂದೇನದ? ಎಲ್ಲಾರಿಗೂ ಇರೂ ದೇಹಾನ ಅಲ್ಲೇನು?”

ಕುಳಿತಳು. ಆ ಮುಳ್ಳಿನ ನಾಲಿಗೆಯಿಂದ ಅವತ್ತು ಒಂದು ಅಕ್ಷರ ಹೊರಡಲಿಲ್ಲ. ಅವಳ ಅತ್ತೆ ಪಕ್ಕದಲ್ಲೇ ಇದ್ದಳು. ನಾನು ಗೆದ್ದೆ ಎಂದುಕೊಂಡು ಸುರುಳಿಯನ್ನು ಡಬ್ಬಿಯಲ್ಲಿ ಹಾಕಿದೆ.

ದಿನ ಕಳೆದ ಹಾಗೆ ದವಾಖಾನೆಗೆ ಹೆಂಗಸರು ಬರುವುದು ಕಡಿಮೆಯಾಯಿತು. ಬಂದವರೂ ಹರೆಯದ ಮಗಳನ್ನು ಹೊರಗೆ ನಿಲ್ಲಿಸಿ ತಾವೊಬ್ಬರೇ ಒಳಗೆ ಬರುತ್ತಿದ್ದರು. ಬಾವಿಕಟ್ಟೆಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಕಾಕುವಿನ ಮನೆಯಿಂದ ಸಂಜೆ ಬರುತ್ತಿದ್ದ ಮಜ್ಜಿಗೆಯೂ ನಿಂತಿತು. ಕಡೆಗೆ ಒಂದು ಸಂಜೆ ಕಾಕು ಕರೆದು ಕಟ್ಟೆಯ ಮೇಲೆ ಕೂಡಿಸದೆ, ನಿಲ್ಲಿಸಿಯೇ ಕೇಳಿದರು.

“ದಿನಾ ಮಧ್ಯಾಹ್ನ ಚೀಲ ಹಾಕ್ಕೊಂಡು ಹಳ್ಳದ ಕಡಿ ಯಾರನ್ನ ಕಾಣ್ಲಿಕ್ಕ ಹೋಗ್ತೀರಿ?”

ಯಾರನ್ನೂ ಇಲ್ಲ ಅಂದೆ. ಮತ್ತೆ ಏನು ಕೆಲಸ ಎಂದರು. ಬಾಣಂತಿ ಎನ್ನೋಣವೆಂದರೆ ಓಣಿಯ ಪ್ರತಿ ಬಸುರಿಯ ತಿಂಗಳು ಕಾಕುವಿಗೆ ಬಾಯಿಪಾಠ. ನಿಜ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ನಗಬೇಡಿ. ಕೆಟ್ಟ ಹೆಂಗಸು ಅನ್ನಿಸಿಕೊಳ್ಳಲು ನಾನು ತಯಾರಾಗಿದ್ದೆ, ಆದರೆ ನಾನು ಅಲ್ಲಿಗೆ ಯಾಕೆ ಹೋಗುತ್ತೇನೆ ಎಂದು ಹೇಳಲು ತಯಾರಿರಲಿಲ್ಲ. ಅಮಾವಾಸ್ಯೆಯೊಳಗೆ ಕೋಣೆ ಖಾಲಿ ಮಾಡಿರಿ, ನನ್ನದು ಮೊಮ್ಮಕ್ಕಳಿರುವ ಮನೆ ಎಂದು ಹೇಳಿ ಕಾಕು ಒಳಗೆ ಹೋದರು. ಆ ರಾತ್ರಿ ಗೋಡೆಯ ಮೇಲಿನ ಪ್ರತಿ ಬಿರುಕೂ ನನಗೆ ಮೀಸೆಯಾಗಿ ಕಂಡಿತು.

ಹೆಸರು ಕೆಟ್ಟರೂ ಹೊಟ್ಟೆ ಕೇಳಬೇಕಲ್ಲ. ಮರುದಿನ ಮಧ್ಯಾಹ್ನವೂ ಚೀಲ ಹೆಗಲಿಗೇರಿಸಿ ಹೋದೆ. ಕಣ್ಣಲ್ಲಿ ನೀರಿತ್ತು, ಹಾಗಾಗಿ ಬರುತ್ತಿದ್ದ ಹಿಂಡು ಕಾಣಲಿಲ್ಲ. ಜಾಲಿಯ ಹಿಂದೆ ಕುಳಿತಿದ್ದೇನೆ, ಸುತ್ತಲೂ ಕುರಿಗಳು. ಮಾಡಗ್ಯಾಳದ ಕುರಿ ನೋಡಿದ್ದೀರಾ? ಎತ್ತರದ ಕಾಲು, ಜೋಲು ಕಿವಿ, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂಗು. ಅವು ಮೇಯುವುದನ್ನು ಬಿಟ್ಟು ಊರ ಹಿರಿಯರ ಹಾಗೆ ನಿಂತು ನನ್ನನ್ನು ನೋಡಿದವು. ಒಂದು ಚೀಲಕ್ಕೆ ಮೂತಿ ಹಾಕಿ ಬ್ಯಾಂಡೇಜಿನ ಸುರುಳಿ ಎಳೆಯಿತು. ಚೀಲ ಮಗುಚಿ ಚರಿಗೆ ಕಲ್ಲಿನ ಮೇಲೆ ಠಣ್ ಠಣ್ ಎಂದು ಉರುಳುತ್ತ ಹೋಗಿ ಯಾರದೋ ಕಾಲ ಬಳಿ ನಿಂತಿತು. ತಲೆಯೆತ್ತಿದೆ. ಅವತ್ತು ಗಂಡ ಊರಲ್ಲಿಲ್ಲದ್ದಕ್ಕೆ ಹಿಂಡು ಹೊಡೆದುಕೊಂಡು ಬಂದಿದ್ದ ಆ ಸೊಸೆ.

ಅವಳು ಚರಿಗೆ ನೋಡಿದಳು, ನನ್ನನ್ನು ನೋಡಿದಳು. ಉಳಿದ ನೀರು ಚೆಲ್ಲದ ಹಾಗೆ ಚರಿಗೆ ಎತ್ತಿ ನನ್ನ ಹತ್ತಿರ ಇಟ್ಟಳು. ಆಮೇಲೆ ನನಗೆ ಬೆನ್ನು ಮಾಡಿ, ರಸ್ತೆಗೂ ನನಗೂ ನಡುವೆ ಕೋಲು ಊರಿ ನಿಂತಳು. ದೂರದಲ್ಲಿ ಬರುತ್ತಿದ್ದ ಗಾಡಿಯವನಿಗೆ ಆಚೆ ದಾರಿ ಹಿಡಿ ಎಂದು ಗದರಿದಳು. ನಾನು ಎದ್ದವಳೇ ಚರಿಗೆ ಬಿಟ್ಟು, ಚೀಲ ಮಾತ್ರ ಎತ್ತಿಕೊಂಡು, ಹಿಂದೆ ನೋಡದೆ ಓಡಿದೆ. ಬ್ಯಾಂಡೇಜು ಕುರಿಯ ಬಾಯಲ್ಲೇ ಉಳಿಯಿತು.

ಸಂಜೆ ಟ್ರಂಕಿಗೆ ಸೀರೆ ತುಂಬುತ್ತಿದ್ದೆ. ಅಂಗಳದಲ್ಲಿ ಅವಳ ದನಿ ಕೇಳಿ ಕಿಂಡಿಗೆ ಕಣ್ಣು ಹಚ್ಚಿದೆ. ಬೂದಿ ಹಾಕಿ ತಿಕ್ಕಿ ಥಳಥಳ ಮಾಡಿದ ನನ್ನ ಚರಿಗೆಯನ್ನು ಕಾಕುವಿನ ಮುಂದೆ ಕಟ್ಟೆಯ ಮೇಲೆ ಇಟ್ಟಳು.

“ನಿಮ್ಮ ಬಾಯಾರು ದಿನಾ ಹಳ್ಳಕ್ಕ ಕರಕೊಂಡು ಹೋಗೂದು ಇವನ್ನ ನೋಡ್ರಿ, ಕಾಕು. ಚೀಲದಾಗ ಬಚ್ಚಿಟ್ಟು.”

ಕಾಕು ಚರಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಾಡತೊಡಗಿತು. ಚೀಲದಾಗ, ಚರಗಿ ಚೀಲದಾಗ ಎಂದು ಹೇಳಿ ಹೇಳಿ ನಕ್ಕರು, ಕಣ್ಣೀರು ಒರೆಸುವಾಗ ವಿಭೂತಿಯೂ ಒರೆಸಿ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಓಣಿಯೆಲ್ಲ ಅಂಗಳದಲ್ಲಿತ್ತು. ನನ್ನ ಹೆಸರು ಉಳಿಯಿತು, ಕೋಣೆ ಉಳಿಯಿತು. ಆದರೆ ನಾನು ಬಾಗಿಲ ಹಿಂದೆ ಮೊಣಕಾಲಲ್ಲಿ ಮುಖ ಹುದುಗಿಸಿ, ಇದಕ್ಕಿಂತ ಆ ಕೆಟ್ಟ ಹೆಸರೇ ಚಲೋ ಇತ್ತು ಎಂದುಕೊಳ್ಳುತ್ತಿದ್ದೆ. ಅದಕ್ಕಾದರೂ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಾಕು ಬಾಗಿಲ ಹತ್ತಿರ ಬಂದು, ಟ್ರಂಕು ಇಳಿಸಿರಿ, ಮುಂಜಾನೆ ಲಗೂನ ಏಳಿರಿ ಎಂದು ಹೇಳಿ ಹೋದರು. ಹೊಸ್ತಿಲಲ್ಲಿ ಒಂದು ಲೋಟ ಮಜ್ಜಿಗೆ ಇತ್ತು.

ಮುಂಜಾನೆ ಎದ್ದೆ. ಚರಿಗೆ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಹೆಂಗಸರು ಏನೂ ಆಗದವರ ಹಾಗೆ ನನ್ನನ್ನು ನಡುವೆ ಹಾಕಿಕೊಂಡು ಮಾತಿಗೆ ಹತ್ತಿದರು. ಇಡೀ ಜತ್ತ ಎಚ್ಚರವಾಗಿದೆ, ಇಡೀ ಜತ್ತ ನನ್ನ ಕೈ ನೋಡುತ್ತಿದೆ ಎನ್ನಿಸುತ್ತಿತ್ತು. ಬಜಾರದಲ್ಲಿ ಒಲೆ ಹಚ್ಚುತ್ತಿದ್ದ ಚಹಾದ ಅಂಗಡಿಯವನು ನಮ್ಮನ್ನು ಕಂಡದ್ದೇ ಗೋಡೆಯ ಕಡೆ ತಿರುಗಿ ಕುಳಿತ. ಊರಾಚೆ ಬಂದ ಮೇಲೆ ಎಲ್ಲರೂ ತಮ್ಮ ತಮ್ಮ ಗಿಡಗಳ ಮರೆಗೆ ಚದುರಿದರು, ಅಲ್ಲಿಂದಲೇ ಮಾತು ಮುಂದುವರಿಯಿತು. ನಾನು ಮಾತ್ರ ನಟ್ಟ ಕಂಬದ ಹಾಗೆ ನಿಂತಿದ್ದೆ. ಮಾಡಗ್ಯಾಳದವಳು ಹತ್ತಿರ ಬಂದು ಯಾಕೆ ನಿಂತಿರಿ ಎಂದಳು. ಅವಳು ನಗುತ್ತಾಳೆ ಎಂದು ಗೊತ್ತಿದ್ದೂ ಹೇಳಿಬಿಟ್ಟೆ, ನನಗೆ ನಾಚಿಕೆಯಾಗುತ್ತದೆ ಅಂತ.

ಅವಳು ನಗಲಿಲ್ಲ.

“ಅವತ್ತ ಕಾಕೂನ ಅಂಗಳದಾಗ ನೀವು ಕೈ ಹಿಡದು ಎಳದಾಗ ನನಗೂ ಹಿಂಗ ಆಗಿತ್ತರಿ. ನೀವೇನು ಆ ಕಡಿ ಮಾರಿ ಮಾಡಿದ್ದಿಲ್ಲ. ನಾ ಮಾಡ್ತೀನಿ, ಕುಂದ್ರಿ.”